ವಿಮಾನದಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ?

ಸೀಟಿನ ಸಾಕೆಟ್‌ಗೆ ಚಾರ್ಜರ್ ಹಾಕಿದ ತಕ್ಷಣ ಸಾಕೆಟ್‌ನ ಪುಟ್ಟ ಹಸಿರು ದೀಪ ಆರಿಹೋದರೆ, ಚಾರ್ಜರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿ ಸಿಗೋ ಕರೆಂಟಿಗೆ ಮಿತಿ ಇರುತ್ತದೆ. ದೊಡ್ಡ ಚಾರ್ಜರ್ ಜಾಸ್ತಿ ಎಳೆದರೆ ಸಾಕೆಟ್ ತಾನಾಗಿಯೇ ಬಂದ್ ಆಗುತ್ತದೆ. ಪ್ಲಗ್ ತೆಗೆಯಿರಿ, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿ. ನನಗೆ ಎಷ್ಟೋ ಸಲ ಹೀಗೇ ಕೆಲಸ ಆಗಿದೆ. 45 ವ್ಯಾಟ್‌ನ ಟೈಪ್-ಸಿ ಚಾರ್ಜರ್ ನಡೆಯುವ ಲ್ಯಾಪ್‌ಟಾಪ್ ಆದರೆ ಇನ್ನೂ ಒಳ್ಳೆಯದು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಒಳಗಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್. ಕೆಲವು ವಿಮಾನಗಳಲ್ಲಿ ಹಾರಾಟದ ವೇಳೆ ಅದನ್ನು ಬಳಸಲು ಬಿಡಲ್ಲ, ಮೊದಲೇ ಕೇಳಿಕೊಳ್ಳಿ. ವೈಫೈ ನಂಬಿ ಸುಮ್ನೆ ಕೂರಬೇಡಿ, ಬೇಕಾದ ಫೈಲುಗಳನ್ನು ಹತ್ತುವ ಮುಂಚೆಯೇ ಇಳಿಸಿಕೊಂಡಿರಿ.