ಲೋಹದ ಧೂಳು, ಹೊಗೆಯ ನಡುವೆ ಕೆಲಸವೇ? ಕಿಡ್ನಿ ತಪಾಸಣೆ ಹೀಗಿರಲಿ

ಬ್ಯಾಟರಿ, ಪ್ಲೇಟಿಂಗ್, ಎರಕ, ಬೆಸುಗೆ ಕೆಲಸದವರು ‘ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ನಾರ್ಮಲ್’ ಎಂಬ ರಕ್ತದ ವರದಿ ಕೈಗೆ ಬಂದರೆ ನಿಶ್ಚಿಂತರಾಗಿಬಿಡುತ್ತಾರೆ. ಕಿಡ್ನಿಯ ಕಸುವು ಹೆಚ್ಚೂಕಡಿಮೆ ಅರ್ಧ ಕುಂದುವವರೆಗೂ ಈ ಅಂಕಿ ಅಲುಗಾಡದೆ ಇರಬಹುದು. ಇಂಥ ಕೆಲಸಗಳಲ್ಲಿ ಎದುರಾಗುವ ವಿಷಲೋಹಗಳಲ್ಲಿ ಒಂದಾದ ಕ್ಯಾಡ್ಮಿಯಂ ಮೊದಲು ಕೈಹಾಕುವುದು, ಕಿಡ್ನಿಯಲ್ಲಿ ಸೋಸಿ ಬಂದ ದ್ರವದಿಂದ ದೇಹಕ್ಕೆ ಬೇಕಾದ್ದನ್ನು ಮರಳಿ ಹೀರುವ ಸಣ್ಣ ನಾಳಗಳಿಗೆ. ಅವು ಕೆಟ್ಟಾಗ ಚಿಕ್ಕ ಗಾತ್ರದ ಪ್ರೋಟೀನುಗಳು ಮೂತ್ರಕ್ಕೆ ಸೋರುತ್ತವೆ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ ಮುಖ್ಯವಾಗಿ ಅಲ್ಬುಮಿನ್ ಎಂಬ ದೊಡ್ಡ ಪ್ರೋಟೀನನ್ನು ಹಿಡಿಯುವಂಥದ್ದು. ಈ ಸೋರಿಕೆ ಅದಕ್ಕೆ ಕಾಣುವುದಿಲ್ಲ.

ಮೊದಲು ಲೋಹ ಯಾವುದೆಂದು ತಿಳಿಯಿರಿ

ಸಾಮಗ್ರಿಯ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಬೆಳ್ಳಿ ಬೆಸುಗೆಯ ಕೆಲವು ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಅದು ಕುದಿಯುವುದು 767 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಜ್ವಾಲೆ ಸ್ವಲ್ಪ ಹೆಚ್ಚಾದರೂ ಹೊಗೆ ಏಳುತ್ತದೆ. ಕ್ಯಾಡ್ಮಿಯಂ ಇಲ್ಲದ ಕಡ್ಡಿ ಸಿಗುತ್ತದೆ, ಅದನ್ನೇ ತರಿಸಿ. ಹಳೆ ಬಣ್ಣ ಬಳಿದ ಕಬ್ಬಿಣವನ್ನು ಗ್ಯಾಸ್‌ನಿಂದ ಕತ್ತರಿಸುವವರು ಆ ಬಣ್ಣದಲ್ಲಿ ಸೀಸವಿದೆಯೇ ಎಂದು ಅನುಮಾನಿಸಬೇಕು.

ಮಾದರಿ ಕೊಡುವುದರಲ್ಲೇ ತಪ್ಪಾಗುವುದು ಹೆಚ್ಚು

ಕೆಲಸಕ್ಕೆ ಸೇರುವ ಮುನ್ನವೇ ಒಂದು ಸುತ್ತು ಪರೀಕ್ಷೆ ಆಗಿರಲಿ. ಮುಂದೆ ಹೋಲಿಸಲು ಅದೇ ಆಧಾರ. ಸೀಸಕ್ಕೆ ರಕ್ತನಾಳದಿಂದಲೇ ರಕ್ತ ಕೊಡಿ. ಬೆರಳು ಚುಚ್ಚಿದರೆ ಚರ್ಮಕ್ಕಂಟಿದ ಧೂಳು ಬೆರೆತು ಅಂಕಿ ಸುಳ್ಳೇ ಏರುತ್ತದೆ. ಕ್ಯಾಡ್ಮಿಯಂಗೆ ರಕ್ತ, ಮೂತ್ರ ಎರಡೂ ಬೇಕು: ರಕ್ತ ಇತ್ತೀಚಿನ ಲೆಕ್ಕ ಹೇಳಿದರೆ ಮೂತ್ರ ವರ್ಷಗಳ ಸಂಗ್ರಹವನ್ನು ಹೇಳುತ್ತದೆ. ಕೆಲಸದ ಬಟ್ಟೆಯಲ್ಲಿ ಹೋಗಿ ಮೂತ್ರ ಹಿಡಿಯಬೇಡಿ; ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋಗಿ.

ಕಿಡ್ನಿಯ ಸಣ್ಣ ನಾಳಗಳ ಹಾನಿ ತಿಳಿಯಲು ಮೂತ್ರದಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ನೋಡುತ್ತಾರೆ. ಇದೊಂದು ನಾಜೂಕಿನ ಪ್ರೋಟೀನು. ಮೂತ್ರ ಆಮ್ಲೀಯವಾಗಿದ್ದರೆ ಮೂತ್ರಕೋಶದೊಳಗೇ ಒಡೆದುಹೋಗಿ, ಹಾನಿಯಿದ್ದರೂ ವರದಿ ಚೆನ್ನಾಗಿ ಬರುತ್ತದೆ. ಆದ್ದರಿಂದ ಬೆಳಗಿನ ಮೊದಲ ಮೂತ್ರ ಬೇಡ. ಅದನ್ನು ಬಿಟ್ಟು, ನೀರು ಕುಡಿದು, ಮುಂದಿನದನ್ನು ಕೊಡಿ. ಮೂತ್ರದ ಪಿಎಚ್ (ಆಮ್ಲೀಯತೆಯ ಮಟ್ಟ) ಅಳೆದು ಸರಿಪಡಿಸುತ್ತೀರಾ ಎಂದು ಲ್ಯಾಬಿನಲ್ಲಿ ಕೇಳಿ. ಇಲ್ಲವೆಂದರೆ ಆಮ್ಲಕ್ಕೆ ಅಷ್ಟು ಬೇಗ ಕೆಡದ ಆಲ್ಫಾ-1 ಮೈಕ್ರೋಗ್ಲೋಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆ ವಾಸಿ.

ಅಂಕಿ ಓದುವುದು

ಮೂತ್ರ ತೆಳುವೋ ಗಟ್ಟಿಯೋ ಎಂಬುದರಿಂದ ಲೆಕ್ಕ ತಪ್ಪದಿರಲು, ಮೂತ್ರದ ಅಂಕಿಗಳೆಲ್ಲ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು ಎಂದಿರಬೇಕು. ಮೂತ್ರದ ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚಿದ್ದರೆ ಆ ಮಾದರಿ ಬಿಸಾಡಿ ಮತ್ತೊಂದು ಕೊಡಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಮಾಮೂಲಿ ನಿಗಾ ಸಾಕೆನ್ನಲು ಮಿತಿಗಳು ಹೀಗಿವೆ: ಮೂತ್ರದ ಕ್ಯಾಡ್ಮಿಯಂ 3 ಮೈಕ್ರೋಗ್ರಾಂ, ಬೀಟಾ-2 300 ಮೈಕ್ರೋಗ್ರಾಂ (ಎರಡೂ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ), ರಕ್ತದ ಕ್ಯಾಡ್ಮಿಯಂ ಲೀಟರಿಗೆ 5 ಮೈಕ್ರೋಗ್ರಾಂ. ಮೂರರಲ್ಲಿ ಒಂದು ದಾಟಿದರೂ ವೈದ್ಯರ ಹೆಚ್ಚಿನ ತಪಾಸಣೆ ಬೇಕು. ಸೀಸದ ವಿಷಯದಲ್ಲಿ ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು), ಬಿಪಿ, ಕಿಡ್ನಿ ತೊಂದರೆ ಮೂರೂ ಒಟ್ಟಿಗೆ ಕಂಡರೆ ನಿಮ್ಮ ಕೆಲಸವೇನೆಂದು ವೈದ್ಯರಿಗೆ ನೀವೇ ಹೇಳಿ. ಕೇಳುವವರು ಕಡಿಮೆ.

ಜೀನ್ ಪರೀಕ್ಷೆ ಮಾಡಿಸಬೇಕೆ?

ಒಂದೇ ಬೆಂಚಿನಲ್ಲಿ ಕೂತ ಇಬ್ಬರ ರಕ್ತದಲ್ಲಿ ಸೀಸ ಬೇರೆಬೇರೆ ಇರಲು ಜೀನ್‌ಗಳೂ ಕಾರಣ. ಕೆಂಪು ರಕ್ತಕಣದ ಅಲಾಡ್ ಎಂಬ ಕಿಣ್ವಕ್ಕೆ ಸೀಸ ಅಂಟಿಕೊಳ್ಳುತ್ತದೆ. ಅಲಾಡ್-2 ಬಗೆಯವರಲ್ಲಿ ಆ ಹಿಡಿತ ಇನ್ನೂ ಬಿಗಿ. ಆದರೆ ಅದರಿಂದ ಕಿಡ್ನಿಗೆ ಕೇಡೋ ರಕ್ಷಣೆಯೋ ಎಂಬುದರಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕ್ಯಾಡ್ಮಿಯಂ ಅನ್ನು ಕಟ್ಟಿಹಾಕುವ ಮೆಟಲೋಥಯೋನಿನ್ ಪ್ರೋಟೀನಿನ ಜೀನ್‌ಗಳಲ್ಲೂ ವ್ಯತ್ಯಾಸಗಳುಂಟು. ಇವನ್ನು ನೋಡಿ ‘ನಿಮಗೆ ಅಪಾಯವಿಲ್ಲ’ ಎನ್ನುವ ಪರೀಕ್ಷೆ ಇಲ್ಲ. ಹಾಗೆಂದು ಮಾರುವವರಿಗೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ, ಡಯಾಲಿಸಿಸ್, ಚಿಕ್ಕ ವಯಸ್ಸಿಗೇ ಬಿಪಿ ಇತ್ತೇ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ: ಕಬ್ಬಿಣದಂಶ ಕಡಿಮೆಯಾದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಸಕ್ಕರೆ ಕಾಯಿಲೆ, ಪದೇಪದೇ ನೋವಿನ ಮಾತ್ರೆ, ಸಿಗರೇಟು (ಅದರ ಹೊಗೆಯಲ್ಲೇ ಕ್ಯಾಡ್ಮಿಯಂ ಇದೆ) ಇವೂ ಆ ಪಟ್ಟಿಯಲ್ಲಿರಲಿ.

ಧೂಳು ತಡೆಯದೆ ಪರೀಕ್ಷೆಗೆ ಅರ್ಥವಿಲ್ಲ

ಹೊಗೆ ಏಳುವ ಜಾಗದಲ್ಲೇ ಎಳೆದುಕೊಳ್ಳುವ ಕೊಳವೆ ಬೇಕು. ಗೋಡೆಯ ಫ್ಯಾನು ಅದನ್ನು ಮುಖದ ಮುಂದಿನಿಂದಲೇ ಹಾಯಿಸಬಹುದು. ಪೊರಕೆ, ಗಾಳಿಯ ಪೈಪು ಎರಡೂ ಬೇಡ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ. ಬಟ್ಟೆಯ ಮಾಸ್ಕ್ ಹೊಗೆ ತಡೆಯದು. ಬಿಗಿಯಾಗಿ ಕೂರುವ ರೆಸ್ಪಿರೇಟರ್ ಹಾಕಿದರೂ ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಊಟಕ್ಕೆ ಮುನ್ನ ಕೈ ತೊಳೆಯಿರಿ, ಕೆಲಸದ ಬಟ್ಟೆ ಮನೆಗೆ ಒಯ್ಯಬೇಡಿ.

‘ದೇಹದ ಲೋಹ ತೆಗೆಸುತ್ತೇವೆ’ ಎಂದು ಡ್ರಿಪ್ ಹಾಕುವವರಿಂದ ದೂರವಿರಿ. ಆ ಔಷಧಿಗಳೇ ಕಿಡ್ನಿಗೆ ಪೆಟ್ಟು ಕೊಡಬಲ್ಲವು. ತೀವ್ರ ಸೀಸ ವಿಷಕ್ಕೆ ತಜ್ಞರು ಕೊಡುವ ಚಿಕಿತ್ಸೆ ಬೇರೆ. ಮೂಲದಿಂದ ದೂರವಾದರೆ ರಕ್ತದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧವಾಗುತ್ತದೆ. ಆದರೆ ವರ್ಷಗಟ್ಟಲೆ ದುಡಿದವರಲ್ಲಿ ಮೂಳೆಯ ಸೀಸ ಮರಳಿ ರಕ್ತಕ್ಕೆ ಬರುವುದರಿಂದ ಇಳಿತ ನಿಧಾನವಾಗುತ್ತದೆ. ಕಿಡ್ನಿಯಲ್ಲಿ ಕೂತ ಕ್ಯಾಡ್ಮಿಯಂ ಅರ್ಧವಾಗಲು 10ರಿಂದ 30 ವರ್ಷ ಬೇಕು. ಕೆಲಸ ಬಿಟ್ಟವರೂ ತಪಾಸಣೆ ಬಿಡುವಂತಿಲ್ಲ.