ನಂಬಿಕೆಯನ್ನು ಅಳೆಯುವುದನ್ನು ಬಿಟ್ಟ ಮೇಲೆ

ನಾನು ಹುಟ್ಟಿ ಬೆಳೆದದ್ದು ಕ್ರೈಸ್ತ ಮನೆಯಲ್ಲಿ. ದೇವರು ಲೋಕವನ್ನು ಎಷ್ಟೋ ಪ್ರೀತಿಸಿ ತಮ್ಮ ಮಗನನ್ನು ಕೊಟ್ಟರು ಎನ್ನುವ ಬೈಬಲ್ ವಚನ, ಯೋಹಾನ 3:16, ನನಗೆ ಅಕ್ಷರ ಬರುವ ಮುಂಚೆಯೇ ಬಾಯಿಪಾಠ ಆಗಿತ್ತು. ಆದರೂ "ನಿನಗೆ ರಕ್ಷಣೆ (ಪಾಪದಿಂದ ಬಿಡುಗಡೆ) ಸಿಕ್ಕಿದೆಯಾ?" ಎಂದು ಯಾರಾದರೂ ನೇರವಾಗಿ ಕೇಳಿದರೆ ಮಾತು ತಡವರಿಸುತ್ತಿತ್ತು. ಹೌದು ಎಂದರೆ ಜಂಬ ಅನ್ನಿಸುತ್ತಿತ್ತು. ಇಲ್ಲ ಎನ್ನಲು ಭಯ. "ದೇವರ ಚಿತ್ತ ಹೇಗಿದೆಯೋ ಹಾಗೆ" ಎಂದು ಜಾರಿಕೊಳ್ಳುತ್ತಿದ್ದೆ. ಈಗ ಹೌದು ಎನ್ನುತ್ತೇನೆ, ಜಂಬವಿಲ್ಲದೆ. ಅದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ಅಂದಿನ ನನ್ನ ಹಾಗೆ ತಡವರಿಸುತ್ತಿರುವವರು ಈಗಲೂ ಇರುತ್ತಾರೆ, ಅಲ್ವಾ?

ಮೊದಲು ಮಾಡಿದ್ದು ಓದು. ಆದಿ ಸಭೆಯ ಬೋಧಕ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಕೈಗೆತ್ತಿಕೊಂಡೆ. 16 ಅಧ್ಯಾಯಗಳ ಕಾಗದ ಅದು. ಅಷ್ಟು ವರ್ಷ ಅದನ್ನು ಅಲ್ಲೊಂದು ವಚನ ಇಲ್ಲೊಂದು ವಚನ ಎಂದು ಓದಿದ್ದೆನೇ ಹೊರತು ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ. ಹಾಗೆ ಓದಿದಾಗ ಪೌಲ ವಾದ ಮಂಡಿಸುವ ಬಗೆ ಕಾಣಿಸಿತು. ಮೊದಲ ಅಧ್ಯಾಯದಲ್ಲಿ ಹೊಟ್ಟೆಕಿಚ್ಚು, ಕೊಲೆ, ಮೋಸ, ಚಾಡಿ, ತಂದೆತಾಯಿಗೆ ಅವಿಧೇಯತೆ ಎಂದು ಉದ್ದ ಪಟ್ಟಿ ಬರುತ್ತದೆ. ಓದುವವರು "ಹೌದು, ಲೋಕ ಕೆಟ್ಟುಹೋಗಿದೆ" ಎಂದು ತಲೆದೂಗುತ್ತಾರೆ. ಎರಡನೇ ಅಧ್ಯಾಯ ತೆರೆದರೆ, ತಲೆದೂಗಿದವರ ಕಡೆಗೇ ಬೆರಳು ತಿರುಗುತ್ತದೆ. ತೀರ್ಪು ಮಾಡುವ ನೀನೂ ಅದನ್ನೇ ಮಾಡುತ್ತೀಯಲ್ಲ ಎನ್ನುತ್ತಾನೆ. ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಎಲ್ಲರ ಬಾಯಿಯೂ ಮುಚ್ಚಿರುತ್ತದೆ. 3:19ರಲ್ಲಿ ಅದನ್ನೇ ಹೇಳುತ್ತಾನೆ. ಆಮೇಲೆಯೇ 3:21ರಲ್ಲಿ "ಈಗಲಾದರೋ" ಎಂದು ಶುಭವಾರ್ತೆಗೆ ತಿರುಗುವುದು.

ಈ ಕ್ರಮ ನನಗೆ ತುಂಬಾ ಮುಖ್ಯವಾಯಿತು. ರೋಗ ಇಲ್ಲ ಎಂದುಕೊಂಡವರಿಗೆ ವೈದ್ಯ ಬೇಕಿಲ್ಲ ಎಂದು ಯೇಸುಸ್ವಾಮಿಯೇ ಹೇಳಿದರಲ್ಲ. ನಾನು ಸುಮಾರಾಗಿ ಒಳ್ಳೆಯ ಮನುಷ್ಯ ಎಂಬ ಲೆಕ್ಕ ಒಳಗೆ ಉಳಿದಿರುವ ತನಕ ರಕ್ಷಣೆ ಅನ್ನುವುದು ಹಾಡಿನಲ್ಲಿ ಬರುವ ಒಂದು ಮಾತಷ್ಟೇ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಪ್ರೀತಿಸುವ ದೇವರು ಸುಮ್ನೆ ಕ್ಷಮಿಸಿಬಿಡಬಹುದಿತ್ತಲ್ಲ, ಶಿಲುಬೆ ಯಾಕೆ? ಇತರ ನಂಬಿಕೆಯ ಗೆಳೆಯರು ನನ್ನನ್ನು ಜಾಸ್ತಿ ಕೇಳುವುದೂ ಇದನ್ನೇ. ನನಗೆ ಉತ್ತರ ಸಿಕ್ಕಿದ್ದು ಅದೇ ಪತ್ರಿಕೆಯ 3:26ರಲ್ಲಿ. ದೇವರು ತಾನೂ ನೀತಿವಂತನಾಗಿ ಉಳಿದು, ನಂಬುವವರನ್ನೂ ನೀತಿವಂತರೆಂದು ನಿರ್ಣಯಿಸಬೇಕಿತ್ತು ಎನ್ನುತ್ತದೆ ಆ ವಚನ. ನಮ್ಮ ಮನೆಯವರ ಮೇಲೆ ಕೈಮಾಡಿದವನನ್ನು ನ್ಯಾಯಾಧೀಶರು "ಹೋಗಲಿ ಬಿಡಿ" ಎಂದು ಕಳಿಸಿಬಿಟ್ಟರೆ ಅವರನ್ನು ಕರುಣಾಮಯಿ ಎಂದು ನಾವು ಹೊಗಳುವುದಿಲ್ಲ. ಆ ತೀರ್ಪು ಅನ್ಯಾಯ ಎನ್ನುತ್ತೇವೆ. ಶಿಲುಬೆಯಲ್ಲಿ ಪಾಪವನ್ನು ಪಾಪ ಎಂದೇ ಕರೆಯಲಾಯಿತು. ಅದರ ಭಾರವನ್ನು ದೇವರೇ ತಮ್ಮ ಮಗನಲ್ಲಿ ಹೊತ್ತುಕೊಂಡರು. ಯಾರೋ ಮೂರನೆಯವರನ್ನು ಹಿಡಿದು ತಂದು ಶಿಕ್ಷಿಸಿದ್ದಲ್ಲ ಇದು. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೋಹಾನ 10ರಲ್ಲಿ ಯೇಸುವೇ ಹೇಳಿದ್ದಾರೆ. ಕ್ರೈಸ್ತ ಸಭೆಯ ಇತಿಹಾಸದಲ್ಲಿ ಶಿಲುಬೆಯನ್ನು ಬಿಡುಗಡೆಗೆ ತೆತ್ತ ಬೆಲೆ ಎಂದು ವಿವರಿಸಿದವರಿದ್ದಾರೆ. ಮರಣದ ಮೇಲಿನ ಜಯ ಎಂದವರಿದ್ದಾರೆ, ನಮಗೆ ಬದಲಾಗಿ ಹೊತ್ತ ಶಿಕ್ಷೆ ಎಂದವರೂ ಇದ್ದಾರೆ. ಬೈಬಲಿನಲ್ಲಿ ಈ ಎಲ್ಲದಕ್ಕೂ ಆಧಾರ ಇದೆ. ನನ್ನ ಮನಸ್ಸನ್ನು ಹಿಡಿದದ್ದು ಕೊನೆಯದು.

ನಂತರ ಪಾಪದ ವಿಷಯಕ್ಕೆ ಬಂದೆ. "ನಾನು ಪಾಪಿ" ಎನ್ನುವುದು ಸುಲಭ. ಆರಾಧನೆಯಲ್ಲಿ ಎಲ್ಲರ ಜೊತೆ ದನಿಗೂಡಿಸಿ ಎಷ್ಟು ಸಲ ಹೇಳಿಲ್ಲ! ಎಲ್ಲರೂ ಪಾಪಿಗಳು ಎಂದಾಗ ಯಾರಿಗೂ ನೋಯುವುದಿಲ್ಲ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಹೆಸರು ಹಿಡಿದು ಬರೆಯಲು ಕೂತೆ. ಒಂದು ಸಾಲು ಇನ್ನೂ ನೆನಪಿದೆ. ಜೊತೆ ಕೆಲಸ ಮಾಡುವವರೊಬ್ಬರ ಶ್ರಮಕ್ಕೆ ಮೇಲಿನವರು ನನ್ನನ್ನು ಹೊಗಳಿದ್ದರು. "ಆಗ ಏನೂ ಹೇಳಲಿಕ್ಕೆ ಆಗಲಿಲ್ಲ" ಎಂದು ಬರೆದೆ. ಅದನ್ನು ಹೊಡೆದು "ಸುಮ್ಮನಿದ್ದೆ" ಎಂದು ಬರೆದೆ. ಅದನ್ನೂ ಹೊಡೆದು ಕೊನೆಗೆ "ಬೇಕೆಂದೇ ಸುಮ್ಮನಿದ್ದು ಅವರ ಹೆಸರನ್ನು ಕದ್ದೆ" ಎಂದು ಬರೆದೆ. ಅದೇ ಘಟನೆ, ಆದರೆ ಮೊದಲ ಎರಡು ಸಾಲಿನಲ್ಲಿ ನನ್ನ ಪರವಾಗಿ ನಾನೇ ವಕಾಲತ್ತು ಹಾಕಿದ್ದೆ. ಮೂರನೆಯದನ್ನು ಬರೆದಾಗಲೇ ಕ್ಷಮೆ ಕೇಳಲು ನಿಜವಾದ ಒಂದು ವಿಷಯ ಕೈಯಲ್ಲಿತ್ತು.

ಮಾನಸಾಂತರ (ಮನಸ್ಸು ತಿರುಗುವುದು) ಎಂದರೆ ಕಣ್ಣೀರು ಸುರಿಸುವುದು ಎಂದು ತಿಳಿದವರು ಬಹಳ. ಅಳು ಬಂದರೆ ಬರಲಿ, ಆದರೆ ಅದೇ ಮಾನಸಾಂತರ ಅಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಪಶ್ಚಾತ್ತಾಪಪಟ್ಟ. 30 ಬೆಳ್ಳಿ ನಾಣ್ಯಗಳನ್ನು ವಾಪಸ್ ತಂದು ಬಿಸಾಡಿದ, "ತಪ್ಪಿಲ್ಲದವನನ್ನು ಹಿಡಿದುಕೊಟ್ಟೆ" ಎಂದೂ ಒಪ್ಪಿಕೊಂಡ. ಇನ್ನೊಬ್ಬ ಶಿಷ್ಯ ಪೇತ್ರನೂ ಮೂರು ಸಲ ಯೇಸುವನ್ನು ಅರಿಯೆನೆಂದು ಹೇಳಿ ಬಿಕ್ಕಿಬಿಕ್ಕಿ ಅತ್ತ. ಇಬ್ಬರಿಗೂ ದುಃಖವಾಗಿತ್ತು. ಯೂದ ಆ ದುಃಖವನ್ನು ಹೊತ್ತು ಒಬ್ಬನೇ ಹೋಗಿಬಿಟ್ಟ. ಪೇತ್ರ, ಸತ್ತು ಎದ್ದ ಯೇಸು ದಡದಲ್ಲಿ ನಿಂತಿದ್ದಾರೆ ಎಂದು ಗೊತ್ತಾದ ಕೂಡಲೇ ದೋಣಿಯಿಂದ ನೀರಿಗೆ ಧುಮುಕಿ ಅವರ ಬಳಿಗೆ ಬಂದ. ಪಾಪದ ಕಡೆಯಿಂದ ಯೇಸುವಿನ ಕಡೆಗೆ ತಿರುಗಬೇಕು. ಅಷ್ಟಾದರೆ ಸಾಕು, ಅಷ್ಟಾಗದೆ ಸಾಲದು.

ಈಗ ನಾನು ಬಹಳ ಕಾಲ ಸಿಕ್ಕಿಕೊಂಡಿದ್ದ ಜಾಗಕ್ಕೆ ಬರುತ್ತೇನೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಎಫೆಸ 2:8-9 ನನಗೆ ಗೊತ್ತಿತ್ತು. ಹಾಗಾದರೆ ನನಗಿರುವ ನಂಬಿಕೆ ಸಾಕಷ್ಟಿದೆಯಾ? ಗಟ್ಟಿಯಾಗಿದೆಯಾ? ಪ್ರಾರ್ಥಿಸುವಾಗ ಮನಸ್ಸು ಅಲ್ಲಿ ಇಲ್ಲಿ ಓಡಿದರೆ ಅದು ನಂಬಿಕೆಯಾ? ಹೀಗೆ ದಿನವೂ ಒಳಗೆ ಇಣುಕಿ ಅಳೆಯುತ್ತಿದ್ದೆ. ನಂಬಿಕೆಯನ್ನೇ ನಾನು ದೇವರಿಗೆ ಸಲ್ಲಿಸಬೇಕಾದ ಒಂದು ದೊಡ್ಡ ಕ್ರಿಯೆಯಾಗಿ ಮಾಡಿಕೊಂಡಿದ್ದೆ. ಭಕ್ತಿಯುಳ್ಳ ಎಷ್ಟೋ ಜನರ ಸಮಾಧಾನವನ್ನು ಕಸಿಯುವುದು ಈ ಅಳತೆಯೇ ಎಂದು ನನ್ನ ಅನಿಸಿಕೆ.

ಇದನ್ನು ಬಿಡಿಸಿದ್ದು ಎರಡು ಭಾಗಗಳು. ಒಂದು ಇಸ್ರಾಯೇಲರ ಮೂಲಪಿತೃ ಅಬ್ರಹಾಮನದು. ಅಬ್ರಹಾಮನು ದೇವರನ್ನು ನಂಬಿದ, ದೇವರು ಅದನ್ನು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಿದರು ಎಂದು ಆದಿಕಾಂಡ 15ರಲ್ಲಿದೆ. ಸುನ್ನತಿಯ ಆಜ್ಞೆ ಬರುವುದು 17ನೇ ಅಧ್ಯಾಯದಲ್ಲಿ. ಮೋಶೆಯ ಧರ್ಮಶಾಸ್ತ್ರವಂತೂ 430 ವರ್ಷಗಳ ಮೇಲೆ ಬಂತು ಎಂದು ಗಲಾತ್ಯ 3 ನೆನಪಿಸುತ್ತದೆ. ಅವನು ಯಾವ ವಿಧಿಯನ್ನೂ ಪೂರೈಸುವ ಮುಂಚೆಯೇ ನೀತಿವಂತನೆನಿಸಿಕೊಂಡ ಎಂಬುದು ರೋಮಾಪುರದವರಿಗೆ ಬರೆದ 4ನೇ ಅಧ್ಯಾಯದ ವಾದ. ಆಗ ಅವನ ಕೈಯಲ್ಲಿದ್ದದ್ದು ದೇವರು ಕೊಟ್ಟ ಒಂದು ಮಾತು ಮಾತ್ರ.

ಇನ್ನೊಂದು ಅರಣ್ಯಕಾಂಡ 21. ವಿಷಸರ್ಪಗಳು ಕಚ್ಚಿ ಇಸ್ರಾಯೇಲ್ ಜನ ಸಾಯುತ್ತಿದ್ದಾರೆ. ಅವರ ನಾಯಕ ಮೋಶೆ ತಾಮ್ರದ ಸರ್ಪವನ್ನು ಮಾಡಿ ಕಂಬದ ಮೇಲೆ ಏರಿಸುತ್ತಾನೆ. ಕಚ್ಚಿಸಿಕೊಂಡವರು ಅದನ್ನು ನೋಡಿದರೆ ಬದುಕುತ್ತಾರೆ. ಯೇಸುಸ್ವಾಮಿ ರಾತ್ರಿ ಹೊತ್ತು ಬಂದ ನಿಕೊದೇಮನೆಂಬ ಯೆಹೂದ್ಯ ನಾಯಕನಿಗೆ ತಮ್ಮ ಮರಣವನ್ನು ವಿವರಿಸಲು ಬಳಸಿದ್ದು ಇದನ್ನೇ. ಆ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಎಷ್ಟು ಹೊತ್ತು ನೋಡಬೇಕು ಎಂದು ಅಲ್ಲಿಲ್ಲ. ಎಷ್ಟು ಧೈರ್ಯದಿಂದ ನೋಡಬೇಕು ಎಂದೂ ಇಲ್ಲ. ವಿಷ ಏರಿ ಕಣ್ಣು ಮಂಜಾದವರೂ, ಅನುಮಾನದಿಂದ ಅರೆಮನಸ್ಸಿನಲ್ಲಿ ತಲೆ ಎತ್ತಿದವರೂ ಅವರಲ್ಲಿ ಇದ್ದಿರಲೇಬೇಕು. ನೋಡಿದವರು ಬದುಕಿದರು, ಅಷ್ಟೇ. ನಾನೋ, ಕಂಬವನ್ನು ಬಿಟ್ಟು ನನ್ನ ಕಣ್ಣನ್ನೇ ಪರೀಕ್ಷಿಸುತ್ತಾ ಕೂತಿದ್ದೆ. ನನ್ನನ್ನು ರಕ್ಷಿಸುವುದು ನನ್ನ ನಂಬಿಕೆಯ ಬಲವಲ್ಲ, ನಾನು ನಂಬಿದ ಯೇಸುವಿನ ಬಲ ಎಂದು ಅಲ್ಲಿ ತಿಳಿಯಿತು.

ಹಾಗೆಂದು ನಂಬಿಕೆ ಎಂದರೆ ಸುಮ್ನೆ ಒಪ್ಪಿಗೆಯಲ್ಲ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬ ಬರೆಯುತ್ತಾನೆ. ಯೇಸು ಯಾರು, ಏನು ಮಾಡಿದರು ಎಂದು ತಿಳಿಯಬೇಕು. ಅದು ನಿಜ ಎಂದು ಒಪ್ಪಬೇಕು. ಆಮೇಲೆ "ನನಗೋಸ್ಕರವೂ" ಎಂದು ಅವರ ಮೇಲೆ ಭಾರ ಹಾಕಬೇಕು. ಮೊದಲೆರಡು ನನಗೆ ಚಿಕ್ಕಂದಿನಿಂದಲೂ ಇದ್ದವು. ಮೂರನೆಯದು ಇರಲಿಲ್ಲ.

ಆ ಹಾಳೆಯನ್ನು ಮುಂದಿಟ್ಟುಕೊಂಡು ಒಂದು ರಾತ್ರಿ ಪ್ರಾರ್ಥಿಸಿದೆ. ಎದೆ ಬಡಿದುಕೊಂಡ ಸುಂಕದವನ ಪ್ರಾರ್ಥನೆ ಲೂಕ 18ರಲ್ಲಿದೆ: "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ಅಲ್ಲಿಂದ ಶುರು ಮಾಡಿದೆ. ಉಳಿದದ್ದು ನನ್ನ ಮಾತು. "ಯೇಸುವೇ, ಇಲ್ಲಿ ಬರೆದದ್ದೆಲ್ಲ ನಿಜ. ಇದನ್ನು ತೀರಿಸಲು ನನ್ನ ಹತ್ತಿರ ಏನೂ ಇಲ್ಲ. ನೀನು ನನಗೋಸ್ಕರ ಸತ್ತು ಎದ್ದಿದ್ದೀಯ ಎಂದು ನಂಬುತ್ತೇನೆ. ಇನ್ನು ನೀನೇ ನನ್ನ ಒಡೆಯ." ಇದನ್ನು ಮಂತ್ರದ ಹಾಗೆ ಯಾರೂ ನಕಲು ಮಾಡುವುದು ಬೇಡ. ಹೊಸ ಒಡಂಬಡಿಕೆಯಲ್ಲಿ ಇಂಥದ್ದೇ ಪ್ರಾರ್ಥನೆ ಹೇಳಿದರೆ ರಕ್ಷಣೆ ಎಂದು ಎಲ್ಲೂ ಇಲ್ಲ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ "ನಾನು ರಕ್ಷಣೆ ಹೊಂದಲು ಏನು ಮಾಡಬೇಕು?" ಎಂದು ಕೇಳಿದಾಗ ಅಲ್ಲಿ ಸೆರೆಯಲ್ಲಿದ್ದ ಪೌಲ, ಸೀಲರು ಕೊಟ್ಟ ಉತ್ತರ, ಕರ್ತನಾದ ಯೇಸುವಿನ ಮೇಲೆ ನಂಬಿಕೆ ಇಡು ಎಂಬುದಷ್ಟೇ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಪ್ರಾರ್ಥನೆಯಂತೂ "ನನ್ನನ್ನು ನೆನಸಿಕೋ" ಎಂಬ ಒಂದೇ ಮಾತು.

ಅಂದು ರಾತ್ರಿ ಬೆಳಕು ಕಾಣಲಿಲ್ಲ, ಮೈ ಜುಮ್ಮೆನ್ನಲಿಲ್ಲ. ದೀಪ ಆರಿಸಿ ಮಲಗಿದೆ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ಸಾಕ್ಷಿ ಹೇಳುವವರು ದೊಡ್ಡ ಅನುಭವಗಳನ್ನೇ ಹೇಳುತ್ತಾರೆ. ಕೇಳಿದವರು ತಮಗೆ ಹಾಗಾಗಲಿಲ್ಲವಲ್ಲ ಎಂದು ಕೊರಗುತ್ತಾರೆ. ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಗೆ 1738ರ ಮೇ 24ರಂದು ಲಂಡನ್ನಿನಲ್ಲಿ, ಸಭಾ ಸುಧಾರಕ ಲೂಥರ್ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಹೃದಯ ಬೆಚ್ಚಗಾಯಿತು. ಅದು ಎಲ್ಲರಿಗೂ ಗೊತ್ತು. ಮರುವರ್ಷದ ಜನವರಿಯಲ್ಲಿ ಅದೇ ವೆಸ್ಲಿ ತಾನು ಕ್ರೈಸ್ತನೇ ಅಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಹೇಳುವವರು ಕಡಿಮೆ. ಭಾವನೆ ಬರುತ್ತದೆ, ಹೋಗುತ್ತದೆ. ದೇವರ ಮಾತು ಹಾಗಲ್ಲ.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನನಗೆ ಕೂಸಾಗಿದ್ದಾಗಲೇ ಆಗಿತ್ತು. ನಾನು ಮತ್ತೆ ತೆಗೆದುಕೊಳ್ಳಲಿಲ್ಲ, ಸಭೆಯ ಮುಂದೆ ನಿಂತು ನನ್ನ ನಂಬಿಕೆಯನ್ನು ಬಾಯಿಂದ ಹೇಳಿದೆ. ನಂಬಿದ ಮೇಲೆಯೇ ತೆಗೆದುಕೊಳ್ಳಬೇಕು ಎನ್ನುವ ಸಭೆಗಳಿವೆ. ಅದರ ಮೂಲಕವೇ ದೇವರು ಹೊಸ ಜನ್ಮ ಕೊಡುತ್ತಾರೆ ಎನ್ನುವ ಸಭೆಗಳೂ ಇವೆ. ಆ ಕಳ್ಳನಿಗೆ ಅದಕ್ಕೆ ಸಮಯ ಸಿಗಲಿಲ್ಲ. ಸೆರೆಮನೆಯ ಅಧಿಕಾರಿ ಅದೇ ರಾತ್ರಿ ಮನೆಯವರೆಲ್ಲರ ಜೊತೆ ತೆಗೆದುಕೊಂಡ. ಅವಕಾಶ ಇರುವವರು ಮುಂದೂಡಲು ಕಾರಣ ಇಲ್ಲ.

ರಕ್ಷಣೆಯಲ್ಲಿ ಒಳ್ಳೆಯ ಕ್ರಿಯೆಗಳ ಪಾತ್ರವೇನು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಪಾಶ್ಚಾತ್ಯ ಸಭೆ 16ನೇ ಶತಮಾನದಲ್ಲಿ ಒಡೆದದ್ದಕ್ಕೆ ಇದೂ ಒಂದು ಮುಖ್ಯ ಕಾರಣ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೋಲಿಕರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ಎಂದು ಒಟ್ಟಾಗಿ ಹೇಳಿದರು. ಭಿನ್ನಾಭಿಪ್ರಾಯ ಪೂರ್ತಿ ಮುಗಿದಿಲ್ಲ, ಆದರೂ ಅದನ್ನು ಓದಿದಾಗ ನನಗೆ ಸಂತೋಷವಾಯಿತು.

ನನ್ನ ಮಟ್ಟಿಗೆ ಇದನ್ನು ತಿಳಿಸಿದವನು ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯ. ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ ಅವನು. ಯೇಸು ತಾವಾಗಿಯೇ ಅವನ ಹೆಸರು ಹಿಡಿದು ಕರೆದು, ಅವನ ಮನೆಗೆ ಬಂದ ಮೇಲೆ ಆಡಿದ ಮಾತು ಅದು. ಕರೆಸಿಕೊಳ್ಳಲು ಕೊಟ್ಟ ಬೆಲೆಯಲ್ಲ. ಎಫೆಸ 2:8-9ನ್ನು ಬಾಯಿಪಾಠ ಮಾಡುವವರು 10ನೇ ವಚನವನ್ನೂ ಸೇರಿಸಿಕೊಳ್ಳಬೇಕು. ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಲಾಗಿದೆ ಎಂದು ಅಲ್ಲಿದೆ. ಆ ಹಾಳೆಯ ಸಾಲು ನನ್ನನ್ನು ಬಿಡಲಿಲ್ಲ. ಕ್ಷಮೆ ಸಿಕ್ಕಿತ್ತು, ಆದ್ದರಿಂದಲೇ ಬಿಡಲಿಲ್ಲ. ಆ ಸಹೋದ್ಯೋಗಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ, ಮೇಲಿನವರಿಗೂ ತಿಳಿಸಿದೆ. ಸಹೋದ್ಯೋಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನಗೆ ಆವತ್ತೇ ಗೊತ್ತಿತ್ತು" ಎಂದರು. ಸಂಬಂಧ ಸರಿಹೋಗಲು ಸಮಯ ಹಿಡಿಯಿತು. ದೇವರ ಮುಂದೆ ನನ್ನ ಸ್ಥಾನ ಅದರ ಮೇಲೆ ನಿಂತಿಲ್ಲ ಎಂದು ಗೊತ್ತಿದ್ದರಿಂದಲೇ ನೆಪ ಹೇಳದೆ ಕಾಯಲು ಆಯಿತು.

ಇನ್ನೂ ಪಾಪ ಮಾಡುತ್ತೇನೆ. ಆಗ ಮೊದಲಿನಂತೆ "ನಾನು ನಿಜವಾಗಿ ನಂಬಿದ್ದೆನಾ" ಎಂದು ಅಗೆಯುವುದಿಲ್ಲ. 1 ಯೋಹಾನ 1:9ರ ಪ್ರಕಾರ ಹೆಸರು ಹಿಡಿದು ಅರಿಕೆ ಮಾಡುತ್ತೇನೆ. ಒಂದು ವ್ಯತ್ಯಾಸವನ್ನು ಗಮನಿಸಿದ್ದೇನೆ. ದೇವರಾತ್ಮನು ಚುಚ್ಚಿದಾಗ ಇಂಥ ಮಾತು, ಇಂಥ ಕೆಲಸ ಎಂದು ಸ್ಪಷ್ಟವಾಗಿ ತೋರಿಸಿ ಯೇಸುವಿನ ಬಳಿಗೆ ಕಳಿಸುತ್ತಾನೆ. "ನೀನು ಯಾವುದಕ್ಕೂ ಬೇಡ" ಎಂಬ ಗೊತ್ತುಗುರಿಯಿಲ್ಲದ ಆಪಾದನೆ ಬಂದರೆ ಅದು ಅವನದಲ್ಲ. ಆಗ ರೋಮಾಪುರ 8ನೇ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತೇನೆ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯವೇ ಇಲ್ಲ ಎಂದು ಅದು ಶುರುವಾಗುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಯೋಹಾನನ ಸುವಾರ್ತೆ ಕೊಡುತ್ತೇನೆ. 21 ಅಧ್ಯಾಯ. ನೀವು ನಂಬಿ ಜೀವವನ್ನು ಪಡೆಯಬೇಕೆಂದೇ ಇದನ್ನು ಬರೆದದ್ದು ಎಂದು 20:31ರಲ್ಲಿ ಅವನೇ ಹೇಳಿದ್ದಾನೆ. ಅದನ್ನು ಓದಿ ಮುಗಿಸಿ, ಆಮೇಲೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಐದು ಅಧ್ಯಾಯಗಳಿಗೆ ಬನ್ನಿ. ಪ್ರಾರ್ಥನೆ ನಿಮ್ಮದೇ ಮಾತಿನಲ್ಲಿರಲಿ. ಅದಾದ ಮೇಲೆ ನಂಬಿಕೆಯುಳ್ಳ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ಅವರ ಜೊತೆ ಸಭೆಗೆ ಹೋಗಲು ಶುರು ಮಾಡಿ.