ಜೋಡಿ ಗ್ಲಾಸಿನ ವಿಸ್ಕಿ ಪಾಠ: ನನ್ನ ಅನುಭವ

ರಾಜಾಜಿನಗರದ ಒಂದು ಬಾರ್‌ನ ಮಹಡಿಯಲ್ಲಿ ಬುಧವಾರ ಸಂಜೆ ವಿಸ್ಕಿ ಟೇಸ್ಟಿಂಗ್ ನಡೆಸುತ್ತೇನೆ. ಪೂರ್ತಿ ಕನ್ನಡದಲ್ಲಿ. 15 ಸೀಟು, ಈಗ ಎರಡು ಮೂರು ವಾರ ಮುಂಚೆಯೇ ತುಂಬುತ್ತವೆ. ಶುರು ಮಾಡಿದಾಗ ನಮ್ಮ ಲೈನಿನವರೇ ನಕ್ಕಿದ್ದರು. ದೊಡ್ಡ ಹೋಟೆಲುಗಳಲ್ಲಿ ಟೇಸ್ಟಿಂಗ್ ಮಾಡುವ ಒಬ್ಬರು, “ಗುರು, ಆ ಕಡೆ ಜನ ನೈಂಟಿ ಹಾಕ್ಕೊಂಡು ಎದ್ದು ಹೋಗ್ತಾರೆ. ಮೂಸಿ ನೋಡೋಕೆ ಯಾರು ದುಡ್ಡು ಕೊಡ್ತಾರೆ?” ಅಂದಿದ್ದರು. ಬಾರ್ ಮಾಲೀಕರಿಗೂ ಅದೇ ಅನುಮಾನ. ಈಗ ಇಬ್ಬರೂ ಹೇಗೆ ಮಾಡ್ತೀಯ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳುವುದಿಲ್ಲ, ಮುಕ್ಕಾಲು ಪಾಲು ಹೇಳುತ್ತೇನೆ.

ಮಾಮೂಲಿ ಕ್ರಮ ನಿಮಗೆ ಗೊತ್ತೇ ಇದೆ. ಸ್ಕ್ರೀನ್ ಮೇಲೆ ಸ್ಕಾಟ್ಲೆಂಡ್ ಮ್ಯಾಪು. ಆರು ಗ್ಲಾಸು ಸಾಲಾಗಿ. ಲೋಲ್ಯಾಂಡ್‌ನಿಂದ ಶುರು ಮಾಡಿ, ಸ್ಪೇಸೈಡ್, ಹೈಲ್ಯಾಂಡ್ ದಾಟಿ, ಕೊನೆಗೆ ಐಲಾ ದ್ವೀಪದ ಹೊಗೆ ವಾಸನೆಯ ವಿಸ್ಕಿ. ನಾನೂ ಹಾಗೇ ಶುರು ಮಾಡಿದ್ದು. ಮೂರನೇ ಗ್ಲಾಸಿಗೆ ಬಂದವರ ಮುಖ ಖಾಲಿ. ನಾಲ್ಕನೆಯದಕ್ಕೆ ಗಲಾಟೆ ಜಾಸ್ತಿ. ಐದನೆಯದರಲ್ಲಿ ಯಾರೋ ಸೋಡಾ ಕೇಳಿದರು. ಆರನೆಯದನ್ನು ನಾನು ಮಾತಾಡುತ್ತಿರುವಾಗಲೇ ಎಲ್ಲರೂ ಮುಗಿಸಿಬಿಟ್ಟಿದ್ದರು. ಲೆಕ್ಕ ಹಾಕಿ ನೋಡಿ: ಗ್ಲಾಸಿಗೆ 30 ಎಂಎಲ್, ಆರು ಗ್ಲಾಸು, ಒಟ್ಟು 180. ಪೂರ್ತಿ ಒಂದು ಕ್ವಾರ್ಟರ್! ಕ್ವಾರ್ಟರ್ ಹೊಡೆದವರಿಗೆ ಸ್ಪೇಸೈಡ್ ಯಾವುದು, ಹೈಲ್ಯಾಂಡ್ ಯಾವುದು ಅಂತ ಪಾಠ ಮಾಡೋಕಾಗುತ್ತಾ?

ದುಡ್ಡಿನ ಕಥೆ ಇನ್ನೂ ಕೆಟ್ಟದು. ಹೊರಗಿಂದ ಬಾಟಲಿ ತರುವ ಹಾಗಿಲ್ಲ. ಬಾರ್‌ನವರು ಕೆಎಸ್‌ಬಿಸಿಎಲ್ (ಸರ್ಕಾರದ ಮದ್ಯ ಸಗಟು ನಿಗಮ) ಡಿಪೋದಿಂದ ಎತ್ತಬೇಕು, ನಾನು ಮುಂಗಡ ಕಟ್ಟಬೇಕು. ಆರು ಬಾಟಲಿಗೆ ಸುಮಾರು 27–28 ಸಾವಿರ. 30 ಎಂಎಲ್ ಸುರಿದರೆ 750ರ ಬಾಟಲಿಗೆ 25 ಜನ. ಅಂದರೆ ಬರೀ ಎಣ್ಣೆಗೇ ತಲೆಗೆ 1,100 ರೂಪಾಯಿ ಬೀಳುತ್ತೆ. ನಾನು ಇಟ್ಟಿದ್ದ ಟಿಕೆಟ್ 1,000. ಮೊದಲ ಕೆಲವು ಸಂಜೆ ಕೈಯಿಂದ ಹೋಗಿದ್ದು 30 ಸಾವಿರಕ್ಕೆ ಹತ್ತಿರ ಇರಬೇಕು. ಮನೆಯಲ್ಲಿ ಈ ಅಂಕಿ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಒಂದು, ಗ್ಲಾಸಿಗೆ 15 ಎಂಎಲ್. ಲೆಕ್ಕಕ್ಕೆ 50 ಬರಬೇಕು, ಚೆಲ್ಲಿದ್ದು ಗಿಲ್ಲಿದ್ದು ಕಳೆದರೆ 46 ಬರುತ್ತೆ. ತಲೆಗೆ 600 ಆಯಿತು. ತಿಂಡಿಗೆ 200, ಬಾರ್‌ಗೆ 300, ಟಿಕೆಟ್ 1,500. ಉಳಿದ 400 ನನ್ನದು. ಬೇರೆ ಬಾಟಲಿಗೆ ತುಂಬಿಡುವ ಹಾಗಿಲ್ಲದ ಕಾರಣ, ಒಂದು ಸೆಟ್ ಒಡೆದರೆ ಸತತ ಮೂರು ಬುಧವಾರದಲ್ಲಿ ಮುಗಿಸುತ್ತೇನೆ. ಅರ್ಧ ಖಾಲಿಯಾದ ಬಾಟಲಿ ತಿಂಗಳುಗಟ್ಟಲೆ ನಿಂತರೆ ಸಪ್ಪೆ ಹೊಡೆಯುತ್ತೆ.

ಎರಡನೆಯದು ಜೋಡಿ. ಎಲ್ಲರೂ ಅನುಮಾನಪಟ್ಟಿದ್ದು ಇದಕ್ಕೇ. ಆರು ಗ್ಲಾಸನ್ನು ಸಾಲಾಗಿ ಇಡುವುದಿಲ್ಲ. ಎರಡೆರಡು. ಪ್ರತಿ ಜೋಡಿಯಲ್ಲಿ ಮುಖ್ಯವಾಗಿ ಒಂದೇ ಒಂದು ವ್ಯತ್ಯಾಸ. ಮೊದಲು ಕಚ್ಚಾ ಮಾಲು, ಆಮೇಲೆ ಮರ, ಕೊನೆಗೆ ಹೊಗೆ. ದೇಶ, ಊರು, ಮ್ಯಾಪು ಎಲ್ಲ ಆಮೇಲೆ.

ಮೊದಲ ಜೋಡಿಗೆ ಎರಡೂ ಬಾಟಲಿ ನ್ಯೂಸ್‌ಪೇಪರ್ ಸುತ್ತಿಕೊಂಡೇ ಬರುತ್ತವೆ, ವೈನ್ ಶಾಪಿನಲ್ಲಿ ಕೊಡ್ತಾರಲ್ಲ, ಹಾಗೆ. ಒಂದು ಎಲ್ಲರೂ ಕುಡಿಯುವ ಮಾಮೂಲಿ ವಿಸ್ಕಿ. ಇನ್ನೊಂದು ಅಮೃತ್ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದದ್ದು. ನೀರು ಹಾಕುವ ಮುಂಚೆ ಕೈ ಎತ್ತಿಸಿದರೆ ಹೆಚ್ಚುಕಡಿಮೆ ಅರ್ಧ ಜನ ಮಾಮೂಲಿಯನ್ನೇ ಮೆಚ್ಚುತ್ತಾರೆ. ನಾಲಿಗೆಗೆ ಅಭ್ಯಾಸ ಅದು. ಅರ್ಧ ಚಮಚ ನೀರು ಬಿಟ್ಟು, ಎರಡು ನಿಮಿಷ ಬಿಟ್ಟು ಮತ್ತೆ ಮೂಸಿಸುತ್ತೇನೆ. ಆಗ ಕೈಗಳು ಅಮೃತ್ ಕಡೆ ವಾಲುತ್ತವೆ. ಆಮೇಲೆ ಪೇಪರ್ ಬಿಚ್ಚಿ ಹೇಳುತ್ತೇನೆ: ನಮ್ಮ ಅಗ್ಗದ ವಿಸ್ಕಿಯ ಬಹುಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್, ಜೊತೆಗೆ ಸ್ವಲ್ಪ ಮಾಲ್ಟ್. ಯುರೋಪಿನಲ್ಲಿ ಕಾಕಂಬಿಯದನ್ನು ವಿಸ್ಕಿ ಅಂತ ಮಾರುವ ಹಾಗೇ ಇಲ್ಲ, ಧಾನ್ಯದಿಂದಲೇ ಆಗಿರಬೇಕು. ಒಮ್ಮೆ ಮಂಡ್ಯದ ಒಬ್ಬರು, “ಹಂಗಾದ್ರೆ ಇಷ್ಟು ವರ್ಷ ಕುಡಿದಿದ್ದು ನಮ್ಮೂರ ಕಬ್ಬಾ!” ಅಂದರು. ಇಡೀ ಮಹಡಿ ನಕ್ಕಿತು. ಮಾಲ್ಟ್ ಅಂದರೇನು ಅಂತ ಭಾಷಣ ಬೇಕಾಗಲ್ಲ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಒಣಗಿಸಿದ್ದನ್ನು ನೋಡಿದ ಜನ ಇವರು.

ಇಲ್ಲೇ ಅಮೃತ್ ಕಥೆ ಹೇಳುತ್ತೇನೆ. 1948ರಲ್ಲಿ ಬೆಂಗಳೂರಲ್ಲಿ ಶುರುವಾದ ಕಂಪನಿ, ಡಿಸ್ಟಿಲರಿ ಮೈಸೂರು ರಸ್ತೆಯ ಕಂಬಿಪುರದಲ್ಲಿ. ಸಿಂಗಲ್ ಮಾಲ್ಟನ್ನು ಅವರು ಮೊದಲು ಬಿಟ್ಟಿದ್ದು ಇಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಎಂಥ ಧೈರ್ಯ! ಆಮೇಲೆ ವಿಸ್ಕಿ ವಿಮರ್ಶಕ ಜಿಮ್ ಮರ್ರಿ ತನ್ನ 2010ರ ‘ವಿಸ್ಕಿ ಬೈಬಲ್’ ಪುಸ್ತಕದಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ. ಕೆಂಗೇರಿ ಕಡೆಯವರು ಇದ್ದರೆ ಆವತ್ತು ಅವರನ್ನು ಹಿಡಿಯೋಕಾಗಲ್ಲ.

ಇದೇ ಸಮಯಕ್ಕೆ ಎರಡು ಗಾಜಿನ ಜಾಡಿಯಲ್ಲಿ ಡಿಕಾಕ್ಷನ್ ಹಾಕಿ, ಪೀಪಾಯಿಯಲ್ಲಿ ಅಲ್ಲೆಷ್ಟು ಇಲ್ಲೆಷ್ಟು ಉಳಿಯುತ್ತೆ ಅಂತ ತೋರಿಸುತ್ತೇನೆ. ವಿಸ್ಕಿ ಹಾಕಿ ತೋರಿಸುವಷ್ಟು ದುಡ್ಡಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ 2% ಹಾರಿಹೋದರೆ ಬೆಂಗಳೂರಲ್ಲಿ 10–12%. 200 ಲೀಟರ್ ಪೀಪಾಯಿ ಇಲ್ಲಿ ಐದು ವರ್ಷ ಇಟ್ಟರೆ ಉಳಿಯೋದು 110 ಲೀಟರ್ ಆಸುಪಾಸು. ಅಲ್ಲಿ 12 ವರ್ಷ ಇಟ್ಟರೂ 155ರ ಮೇಲೆ ಉಳಿಯುತ್ತೆ. ಆದರೆ ಬಿಸಿಗೆ ಮರದ ಸಾರ ಬೇಗ ಇಳಿಯುತ್ತೆ. ಅದಕ್ಕೇ ನಮ್ಮ ಮಾಲ್ಟ್‌ಗಳ ಮೇಲೆ ಸಾಮಾನ್ಯವಾಗಿ 12, 18 ಅಂತ ವಯಸ್ಸು ಬರೆದಿರಲ್ಲ. ‘ವಯಸ್ಸಾದಷ್ಟೂ ಒಳ್ಳೆಯದು’ ಅನ್ನುವವರ ಬಾಯಿ ಈ ಎರಡು ಜಾಡಿಯಲ್ಲೇ ಮುಚ್ಚುತ್ತೆ.

ಎರಡನೇ ಜೋಡಿ ಗ್ಲೆನ್‌ಮೊರಾಂಜಿ ಒರಿಜಿನಲ್ ಮತ್ತು ಗ್ಲೆನ್‌ಡ್ರೊನಾಕ್ 12. ಎರಡೂ ಹೈಲ್ಯಾಂಡ್. ಎರಡೂ ಬಾರ್ಲಿ ಮಾಲ್ಟ್. ಒಂದು ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯಲ್ಲಿ ಮಲಗಿದ್ದು, ಇನ್ನೊಂದು ಶೆರ್ರಿ (ಸ್ಪೇನಿನ ವೈನ್) ಪೀಪಾಯಿಯಲ್ಲಿ. ಬಣ್ಣ ನೋಡಿಯೇ ಗೊತ್ತಾಗುತ್ತೆ. ಒಂದೇ ಪ್ರದೇಶದ ಎರಡು ವಿಸ್ಕಿ ಇಷ್ಟು ಬೇರೆ ಅಂದಮೇಲೆ ಆ ಮ್ಯಾಪು ಹಿಡಿದು ರುಚಿ ಹೇಳುವುದು ಎಷ್ಟು ಸರಿ ಅಂತ ಅವರೇ ಕೇಳುತ್ತಾರೆ. ನಾನು ಸುಮ್ನೆ ಇರುತ್ತೇನೆ. (ಸ್ಟಿಲ್‌ಗಳ, ಅಂದರೆ ಭಟ್ಟಿ ಇಳಿಸುವ ಪಾತ್ರೆಗಳ ಆಕಾರವೂ ಬೇರೆ ಅಲ್ವಾ ಅಂತ ನೀವು ಕೇಳಬಹುದು. ಹೌದು, ಗ್ಲೆನ್‌ಮೊರಾಂಜಿಯದು ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರದ ಸ್ಟಿಲ್. ಆದರೆ ಮೊದಲ ಸಂಜೆಗೆ ಅಷ್ಟು ಸಾಕು.)

ಇಲ್ಲಿ ಸ್ಟೀಲ್ ಡಬ್ಬಿಗಳು ಹೊರಗೆ ಬರುತ್ತವೆ. ಒಣದ್ರಾಕ್ಷಿ, ಹುರಿದ ಕೊಬ್ಬರಿ, ಲವಂಗ, ಕಿತ್ತಳೆ ಸಿಪ್ಪೆ, ವೆನಿಲಾ, ಇನ್ನೊಂದು ಡಬ್ಬಿ. ಆ ಇನ್ನೊಂದರಲ್ಲಿ ಏನಿದೆ ಅಂತ ಹೇಳಲ್ಲ, ಅದನ್ನು ಕಂಡುಹಿಡಿಯೋಕೆ ಗಾಂಧಿಬಜಾರ್‌ನ ಅಂಗಡಿಗಳನ್ನೆಲ್ಲ ಸುತ್ತಿದ್ದೇನೆ. ಡಬ್ಬಿ ಯಾವಾಗ ಕೊಡಬೇಕು ಅನ್ನೋದು ಮುಖ್ಯ. ಕುಡಿಯುವ ಮುಂಚೆ ಕೊಟ್ಟರೆ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ. ಮೊದಲು ವಿಸ್ಕಿ, ಆಮೇಲೆ ಅವರೇ ತಡಕಾಡಲಿ, ಆಮೇಲೆ ಡಬ್ಬಿ, ಮತ್ತೆ ವಿಸ್ಕಿ. ಈ ಕ್ರಮ ಕೂತ ಮೇಲೆಯೇ ಜನ ಎರಡನೇ ಸಲ ಬರೋಕೆ ಶುರು ಮಾಡಿದ್ದು.

ಮೂರನೇ ಜೋಡಿ ಗೋವಾದ ಪಾಲ್ ಜಾನ್: ಬ್ರಿಲಿಯನ್ಸ್ ಮತ್ತು ಬೋಲ್ಡ್. ಒಂದೇ ಡಿಸ್ಟಿಲರಿ, ಎರಡೂ 46%. ಬೋಲ್ಡ್‌ನ ಬಾರ್ಲಿ ಮಾತ್ರ ಸ್ಕಾಟ್ಲೆಂಡಿನ ಪೀಟ್ (ಜೌಗು ನೆಲದಿಂದ ಅಗೆದು ತೆಗೆದು ಉರಿಸುವ ಮಣ್ಣು) ಹೊಗೆಯಲ್ಲಿ ಒಣಗಿದ್ದು. ಮೊದಲು ಇಲ್ಲಿ ಐಲಾದ ಲಫ್ರೋಯ್ಗ್ ಇಡುತ್ತಿದ್ದೆ. ದುಬಾರಿ, ಮೇಲೆ ‘ಆಸ್ಪತ್ರೆ ವಾಸನೆ’ ಅಂತ ಅರ್ಧ ಜನ ಗ್ಲಾಸು ತಳ್ಳುತ್ತಿದ್ದರು. ಜೋಡಿಯಲ್ಲಿ ಬೋಲ್ಡ್ ಕೊಟ್ಟಾಗ ಹಾಗಾಗಲ್ಲ. ಹೊಗೆ ಇಲ್ಲದ್ದು ಪಕ್ಕದಲ್ಲೇ ಇರುತ್ತಲ್ಲ, ಹೊಗೆ ಎಲ್ಲಿ ಶುರುವಾಗುತ್ತೆ ಅಂತ ಸಿಕ್ಕಿಬಿಡುತ್ತೆ. ಪೀಣ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಹಿರಿಯರೊಬ್ಬರು ಗ್ಲಾಸನ್ನು ಮೂಗಿಗೆ ಹಿಡಿದು ತುಂಬ ಹೊತ್ತು ಸುಮ್ಮನಿದ್ದರು. ಕಣ್ಣು ಮುಚ್ಚಿ, ಗ್ಲಾಸು ಕೆಳಗಿಟ್ಟು, ಮತ್ತೆ ಎತ್ತಿ ಮೂಸಿ, “ಇದು ನಮ್ಮಜ್ಜಿ ಮನೆ ಬಚ್ಚಲು ಒಲೆ ಥರ ಕಣಪ್ಪ” ಅಂದರು. ಅವರ ಪಕ್ಕದ ಹುಡುಗನಿಗೆ ಹಂಡೆ ಒಲೆಯೇ ಗೊತ್ತಿಲ್ಲ, ಅವನು ಬಾರ್ಬೆಕ್ಯೂ ಅಂದ. ಇಬ್ಬರೂ ಸರಿ.

ಹೊಗೆ ತೋರಿಸೋಕೆ ಒಮ್ಮೆ ತೆಂಗಿನ ಚಿಪ್ಪು ಸುಟ್ಟೆ. ಕೆಳಗಿನ ಅಡುಗೆಮನೆಯವರು ಬೆಂಕಿ ಅಂತ ಓಡಿ ಬಂದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಇತಿಹಾಸ ಹೇಳೋಕೆ ನನಗೆ ಒಂದೇ ದಾರಿ ಕೆಲಸ ಮಾಡಿತು: ತೆರಿಗೆ. ಬಜೆಟ್ ದಿನ ಕ್ವಾರ್ಟರ್ ರೇಟ್ ಎಷ್ಟಾಯ್ತು ಅಂತ ಮೊದಲು ನೋಡುವ ಜನಕ್ಕೆ ಇದು ತಕ್ಷಣ ಹತ್ತುತ್ತೆ. 1494ರಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ಸಾರಾಯಿ ತೆಗೆಯೋಕೆ ಎಂಟು ಬೋಲ್ (ಆಗಿನ ಧಾನ್ಯದ ಅಳತೆ) ಮಾಲ್ಟ್ ಕೊಟ್ಟ ಲೆಕ್ಕ ಇದೆ. ಸ್ಕಾಚ್‌ನ ಮೊದಲ ದಾಖಲೆ ಅಂತ ತೋರಿಸೋದು ಇದನ್ನೇ, ಅದೂ ಸರ್ಕಾರಿ ಖಜಾನೆಯ ಪುಸ್ತಕದಲ್ಲಿ! ಐರ್ಲೆಂಡಿನಲ್ಲಿ ಮಾಲ್ಟ್ ಮೇಲೆ ತೆರಿಗೆ ಬಿದ್ದಾಗ ಅವರು ಮೊಳಕೆ ಕಟ್ಟದ ಬಾರ್ಲಿಯನ್ನೂ ಸೇರಿಸಿದರು. ಅವರ ಪಾಟ್ ಸ್ಟಿಲ್ ವಿಸ್ಕಿಯ ಆ ಖಾರ, ಆ ಎಣ್ಣೆಜಿಡ್ಡು ಅಲ್ಲಿಂದ ಬಂದದ್ದು. ಅಮೆರಿಕದಲ್ಲಿ 1791ರಲ್ಲಿ ತೆರಿಗೆ ಹಾಕಿದರು, 1794ರಲ್ಲಿ ರೈತರು ದಂಗೆ ಎದ್ದರು. ದಂಗೆ ಅಡಗಿಸಿದ ಜಾರ್ಜ್ ವಾಷಿಂಗ್ಟನ್ ಕೆಲವೇ ವರ್ಷದಲ್ಲಿ ತನ್ನದೇ ಡಿಸ್ಟಿಲರಿ ಹಾಕಿದ. ಸ್ಕಾಟ್ಲೆಂಡಿನ ಬೆಟ್ಟದ ಕಳ್ಳಭಟ್ಟಿಗಳು 1823ರಲ್ಲಿ ಕಾನೂನು ಸಡಿಲವಾದ ಮೇಲೆ ಲೈಸೆನ್ಸ್ ತಗೊಂಡವು. ಗ್ಲೆನ್‌ಲಿವೆಟ್‌ನ ಜಾರ್ಜ್ ಸ್ಮಿತ್ ಮುಂದಿನ ವರ್ಷವೇ ತಗೊಂಡ. ಅಕ್ಕಪಕ್ಕದ ಕಳ್ಳಭಟ್ಟಿಯವರ ಬೆದರಿಕೆಗೆ ಎರಡು ಪಿಸ್ತೂಲು ಇಟ್ಟುಕೊಂಡು ಓಡಾಡುತ್ತಿದ್ದನಂತೆ. 1830ರಲ್ಲಿ ನಿಲ್ಲಿಸದೆ ಭಟ್ಟಿ ಇಳಿಸುವ ನಿರಂತರ ಸ್ಟಿಲ್‌ಗೆ ಪೇಟೆಂಟ್ ಪಡೆದ ಏನಿಯಸ್ ಕಾಫಿ ಯಾರು ಗೊತ್ತಾ? ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ! ಅವನ ಯಂತ್ರವನ್ನು ಅವನ ಊರಿನವರು ಮೂಸಿ ನೋಡಲಿಲ್ಲ, ಸ್ಕಾಟ್ಲೆಂಡಿನವರು ಹಿಡಿದುಕೊಂಡು ಬ್ಲೆಂಡ್ ಮಾಡಿ ಜಗತ್ತಿಗೆಲ್ಲ ಮಾರಿದರು. ಇಷ್ಟು ಹೇಳೋಕೆ ಹತ್ತು ನಿಮಿಷ. ಮೊದಲಿನ ಸ್ಲೈಡ್ ಶೋ ಮುಕ್ಕಾಲು ಗಂಟೆ ತಿನ್ನುತ್ತಿತ್ತು, ಯಾರಿಗೂ ಒಂದು ಇಸವಿಯೂ ನೆನಪಿರುತ್ತಿರಲಿಲ್ಲ.

ತಿಂಡಿ ವಿಷಯಕ್ಕೆ ಬಾರ್ ಅಡುಗೆಯವರ ಜೊತೆ ಜಗಳವೇ ಆಯಿತು. ಅವರಿಗೆ ಪೆಪ್ಪರ್ ಚಿಕನ್ ಕೊಡದಿದ್ದರೆ ಮರ್ಯಾದೆ ಹೋದಂತೆ. ಖಾರ ಬಿದ್ದ ನಾಲಿಗೆಗೆ ಗ್ಲೆನ್‌ಮೊರಾಂಜಿಯೂ ಒಂದೇ, ನಲ್ಲಿ ನೀರೂ ಒಂದೇ. ಈಗ ಉಪ್ಪು ಕಮ್ಮಿ ಹಾಕಿ ಬೇಯಿಸಿದ ಕಡಲೆಕಾಯಿ, ಸಪ್ಪೆ ಬನ್ನು. ಪೆಪ್ಪರ್ ಚಿಕನ್ ಎಲ್ಲ ಮುಗಿದ ಮೇಲೆ. ಜೋಡಿಗಳ ನಡುವೆ ಬಾಯಿ ತೊಳೆಯೋಕೆ ಕೊಡುವುದು ಬೇರೆ ಇದೆ, ಅದು ನನ್ನ ಹತ್ತಿರವೇ ಇರಲಿ.

ನೀರಿನ ಮೇಲೂ ಆಟ ಆಡಿದ್ದೇನೆ. ಕಾವೇರಿ, ಬೋರ್‌ವೆಲ್, ಆರ್‌ಒ ಕ್ಯಾನ್, ಮೂರನ್ನೂ ಒಂದೇ ವಿಸ್ಕಿಗೆ ಹಾಕಿ ನೋಡಿದೆ. ನಮ್ಮ ಏರಿಯಾದ ಬೋರ್ ನೀರು ರುಚಿಯನ್ನು ಮೊಂಡು ಮಾಡುತ್ತೆ. ಕುದಿಸಿ ಆರಿಸಿದ ಕಾವೇರಿ ನೀರೇ ಗೆದ್ದಿತು. ಆರ್‌ಒಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಹುಚ್ಚು: ಮೂರು ಲೀಟರಿನ ಓಕ್ ಪೀಪಾಯಿ. ಸುಮಾರು 7 ಸಾವಿರ ಕೊಟ್ಟೆ. ಮೊದಲು ಸೋರಿತು, ನೀರಲ್ಲಿ ನೆನೆಸಿ ಮರ ಉಬ್ಬಿದ ಮೇಲೆ ನಿಂತಿತು. ಮಾಮೂಲಿ ವಿಸ್ಕಿ ತುಂಬಿ ಏಪ್ರಿಲ್ ಬಿಸಿಲಲ್ಲಿ ಮಹಡಿ ರೂಮಲ್ಲಿ ಇಟ್ಟೆ. ಮೂರು ವಾರಕ್ಕೆ ಚೆನ್ನಾಗಿತ್ತು, ಎರಡು ತಿಂಗಳಿಗೆ ಬರೀ ಒಗರು. ಪೀಪಾಯಿ ಚಿಕ್ಕದಾದಷ್ಟೂ ಲೀಟರಿಗೆ ತಾಗುವ ಮರ ಜಾಸ್ತಿ. ಬರ್ಬನ್‌ನವರು 200 ಲೀಟರಿನ ಹತ್ತಿರದ್ದು ಬಳಸೋದು ಸುಮ್ನೆ ಅಲ್ಲ. ಅದನ್ನು ನೋಡಿದವರೆಲ್ಲ, ಮನೇಲೇ ಭಟ್ಟಿ ಇಳಿಸೋಣ ಅಂತ ಕೇಳುತ್ತಾರೆ. ಆ ಮಾತೇ ಬೇಡ, ಅದು ಅಪರಾಧ. ಸಾರಾಯಿಯನ್ನೇ 2007ರಲ್ಲಿ ನಿಲ್ಲಿಸಿದ ರಾಜ್ಯ ಇದು.

ಒಮ್ಮೆ ಬಂದವರಿಗೆ ಎರಡನೇ ಕಂತು ಇದೆ. ಅಲ್ಲಿ ಬರ್ಬನ್ ಮತ್ತು ಐರಿಶ್ ಜೋಡಿ. ಬರ್ಬನ್‌ಗೆ ಕನಿಷ್ಠ 51% ಜೋಳ, ಅಂದರೆ ಮುಸುಕಿನ ಜೋಳ, ಜೊತೆಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕು. ಬರ್ಬನ್‌ಗೆ ಮತ್ತೆ ಬಳಸುವ ಹಾಗಿಲ್ಲದ ಆ ಪೀಪಾಯಿಗಳೇ ಸ್ಕಾಟ್ಲೆಂಡಿಗೂ ಕಂಬಿಪುರಕ್ಕೂ ಬರೋದು ಅಂದಾಗ, ಮೊದಲ ಸಂಜೆಯ ಗ್ಲೆನ್‌ಮೊರಾಂಜಿ ಅವರಿಗೆ ತಾನಾಗೇ ನೆನಪಾಗುತ್ತೆ. ಈ ಜೋಡಿಯಲ್ಲಿ ಧಾನ್ಯ, ಮರ ಎರಡೂ ಬದಲಾಗುತ್ತವೆ, ನಿಯಮ ಸ್ವಲ್ಪ ಮುರಿಯುತ್ತೆ. ಬಂದವರು ಅಷ್ಟೊತ್ತಿಗೆ ತಯಾರಾಗಿರುತ್ತಾರೆ.

ಜಪಾನಿನದು ಮಾತ್ರ ಇನ್ನೂ ಬಾಯಿಮಾತಲ್ಲೇ ನಡೆಯುತ್ತಿದೆ. ಮಸತಕ ತಕೆತ್ಸುರು ಎಂಬ ಜಪಾನಿನವನು 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿ ಮಾಡೋದು ಕಲಿತು, ಅಲ್ಲಿನ ರೀಟಾಳನ್ನು ಮದುವೆಯಾಗಿ ವಾಪಸ್ ಬಂದು, 1923ರಲ್ಲಿ ಯಮಝಾಕಿ ಡಿಸ್ಟಿಲರಿ ಕಟ್ಟೋಕೆ ನೆರವಾಗಿ, 1934ರಲ್ಲಿ ಯೊಯ್ಚಿಯಲ್ಲಿ ತನ್ನದೇ ಹಾಕಿದ ಕಥೆಗೆ ಎಲ್ಲರೂ ಕಿವಿ ಕೊಡುತ್ತಾರೆ. ಆದರೆ ಆ ಬಾಟಲಿ ಸೇರಿಸಿದರೆ ಟಿಕೆಟ್ 2,500 ದಾಟುತ್ತೆ. ಎಂಟು ಜನ ಮುಂಗಡ ಕೊಡ್ತೀವಿ ಅಂದಿದ್ದಾರೆ. ಹನ್ನೆರಡು ಆದರೆ ಡಿಪೋಗೆ ಆರ್ಡರ್ ಹಾಕಿಸುತ್ತೇನೆ.